ಬಾಗಿಲಿಗೆ ನೀರು ಹಾಕದ ಮನೆ

ನಾಯಿಮರಿಗಳ ಮೂತ್ರ ನೋಡಿ ಹೊಟ್ಟೆ ಹೊರೆಯುವ ಹೆಂಗಸು ನಾನು. ಹೀಗೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನ ಮುಖ ಕಿವುಚುತ್ತಾರೆ, ಉಳಿದರ್ಧ ಮಾತು ಬದಲಿಸುತ್ತಾರೆ. ನನಗೇನೂ ನಾಚಿಕೆಯಿಲ್ಲ. ಕುಣಿಗಲ್ ಕಡೆ ಸರ್ಕಾರಿ ಪಶುವೈದ್ಯೆಯಾಗಿ ಹಸು ಎಮ್ಮೆಗಳ ಹೆರಿಗೆ ಮಾಡಿಸುತ್ತ ಅರ್ಧ ಆಯಸ್ಸು ಕಳೆದು, ಆಮೇಲೆ ತುಮಕೂರಿಗೆ ಬಂದು ಒಂದು ಸಣ್ಣ ಕ್ಲಿನಿಕ್ ತೆರೆದೆ. ಈಗ ನನ್ನ ಹತ್ತಿರ ಬರುವುದು ಬಹುಪಾಲು ನಾಯಿಗಳು. ಅವುಗಳಲ್ಲಿ ಮರಿಗಳೆಂದರೆ ನನಗೆ ಬಲು ಪ್ರೀತಿ. ಮರಿಗಳ ಜೊತೆಗೆ ಬರುವ ಮನುಷ್ಯರ ಮೇಲೆ ಮಾತ್ರ ಆಗಾಗ ಸಿಟ್ಟು ನೆತ್ತಿಗೇರುತ್ತದೆ.

ಮೂತ್ರಕೋಶದಲ್ಲಿ ಸೋಂಕಾದ ಮರಿಯನ್ನು ನಾನು ಬಾಗಿಲಲ್ಲೇ ಗುರುತು ಹಿಡಿಯುತ್ತೇನೆ. ಅದು ಒಳಗೆ ಬಂದ ಕೂಡಲೇ ಕೂರುತ್ತದೆ, ಎರಡು ಹನಿ ಬಿಡುತ್ತದೆ, ಏಳುತ್ತದೆ, ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರುತ್ತದೆ. ಬಾಲದ ಕೆಳಗೆ ನೆಕ್ಕಿಕೊಳ್ಳುತ್ತದೆ. ಕೊನೆಯ ಹನಿಯಲ್ಲಿ ಕೆಲವೊಮ್ಮೆ ರಕ್ತದ ಬಣ್ಣ ಇರುತ್ತದೆ. ಉರಿಯಿಂದ ಹಾಗೆ ಮಾಡುತ್ತದೆ, ಪಾಪ. ಮನೆಯವರು ಮಾತ್ರ ಅದನ್ನು ಸೊಕ್ಕು ಅನ್ನುತ್ತಾರೆ, ಹಟ ಅನ್ನುತ್ತಾರೆ, ಪೇಪರ್ ಸುತ್ತಿ ಮೂತಿಗೆ ಹೊಡೆಯುತ್ತಾರೆ. ಅದೇ ಪೇಪರನ್ನು ಕಿತ್ತುಕೊಂಡು ಅವರಿಗೇ ಎರಡು ಬಿಡಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಬಿಟ್ಟಿಲ್ಲ. ಬಾಯಲ್ಲಿ ಬಿಟ್ಟಿದ್ದೇನೆ.

ಗುಬ್ಬಿ ಹತ್ತಿರದ ಒಂದು ಹಳ್ಳಿಯಿಂದ ಅಜ್ಜಿಯೊಬ್ಬರು ಮಗನ ಜೊತೆ ಬಂದ ದಿನವೂ ಹೀಗೇ ಆಯಿತು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇರುವ ಮನೆತನ. ಮಗನಿಗೆ ತುಮಕೂರಿನ ಕಚೇರಿಯೊಂದರಲ್ಲಿ ಕೆಲಸ. ದಿನಾ ಬೈಕಿನಲ್ಲಿ ಬಂದು ಹೋಗುವವನು. ಅಜ್ಜಿ ಸೆರಗಿನಲ್ಲಿ ಕಂದು ಬಣ್ಣದ ಒಂದು ಹೆಣ್ಣುಮರಿಯನ್ನು ಸುತ್ತಿಕೊಂಡು ತಂದಿದ್ದರು. ಹೊಲದ ಬದುವಿನಲ್ಲಿ ಯಾರೋ ಚೀಲದಲ್ಲಿ ಕಟ್ಟಿ ಎಸೆದು ಹೋದ ಮರಿ ಅದು. ಹೆಣ್ಣು ಅಂತ ಗೊತ್ತಾದ ಮೇಲೆ ನಮ್ಮ ಕಡೆ ಮರಿಗಳಿಗೆ ಆಗುವ ಗತಿಯೇ ಇದು. ಅಜ್ಜಿ ಅದನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ತಂದಿದ್ದರು. ಹೆಸರು ಇಟ್ಟಿರಲಿಲ್ಲ, ಕೂಸು ಅಂತಲೇ ಕರೆಯುತ್ತಿದ್ದರು.

"ಏನು ತೊಂದರೆ?" ಅಂದೆ.

"ತೊಂದ್ರೆ ಎಂಥದ್ದು ಮೇಡಂ, ಕೊಬ್ಬು," ಅಂದ ಮಗ. "ಹೊರಗಡೆ ಬಿಟ್ರೆ ಸುಮ್ನೆ ಮುಖ ನೋಡ್ತಾ ನಿಂತ್ಕೊಳ್ತದೆ. ಒಳಗ್ ಬಂದ ತಕ್ಷಣ ಶುರು. ನಡುಮನೇಲಿ, ಅಡುಗೆಮನೆ ಬಾಗ್ಲಲ್ಲಿ. ಮೊನ್ನೆ ದೇವ್ರ ಮನೆ ಹೊಸ್ಲಲ್ಲೇ ಮಾಡ್ಬುಡ್ತು."

"ಕೊಬ್ಬು ನಿಂದು ಕಣ್ಲಾ," ಅಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ಉಚ್ಚೆ ಮಾಡಕ್ ಕೂತ್ರೆ ಮುಲುಗ್ತದೆ ಕಣವ್ವ ಇದು. ಉಷ್ಣ ಆಗದೆ. ಎಳ್ನೀರ್ ಕುಡಿಸ್ದೆ, ಹೊಕ್ಕಳಿಗೆ ಹಳ್ಳೆಣ್ಣೆ ಹಾಕ್ದೆ, ಜಗ್ತಾ ಇಲ್ಲ," ಅಂದರು.

ನಮ್ಮ ತೆಂಗಿನ ಸೀಮೆಯಲ್ಲಿ ಮನುಷ್ಯರಿಗೂ ದನಗಳಿಗೂ ನಾಯಿಗಳಿಗೂ ಬರುವ ರೋಗ ಒಂದೇ, ಉಷ್ಣ. ಅದಕ್ಕೆ ಮದ್ದೂ ಒಂದೇ, ಎಳನೀರು. ನಾನು ಗೂಳೂರಿನಲ್ಲಿ ಬೆಳೆದವಳು, ನನಗೂ ಚಿಕ್ಕಂದಿನಲ್ಲಿ ಪರೀಕ್ಷೆಯ ಭಯಕ್ಕೂ ಎಳನೀರು ಕುಡಿಸಿದ್ದರು. ಹಾಗಾಗಿ ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲ.

"ನೀರು ಚೆನ್ನಾಗಿ ಕುಡಿಯುತ್ತಾ?" ಅಂತ ಕೇಳಿದೆ.

ಮಗ ಜಾಣತನದ ನಗು ನಕ್ಕ. "ನೀರಿನ್ ಬಟ್ಲು ಎತ್ತಿಟ್ಬುಟ್ಟಿದೀನಿ ಮೇಡಂ. ಕುಡಿದ್ರೆ ತಾನೆ ಮಾಡೋದು?"

ಆಗ ನೆತ್ತಿಗೇರಿತು. "ಏನ್ರೀ, ಓದಿದೋರಲ್ವಾ ನೀವು? ಮನೆ ಮೋರಿ ಗಬ್ಬು ನಾತ ಹೊಡೆದ್ರೆ ನೀರು ಬಿಟ್ಟು ತೊಳೀತೀರೋ, ನಲ್ಲಿ ನಿಲ್ಲಿಸಿ ಕೂತ್ಕೋತೀರೋ?" ಅಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಕೇಳಿಸುವಷ್ಟು ಜೋರಾಗಿಯೇ ಅಂದೆ. ಅವನು ಕಿವಿ ಕೆಂಪಗೆ ಮಾಡಿಕೊಂಡು ನಿಂತ. ಅಜ್ಜಿಯ ಮುಖದಲ್ಲಿ ಮಾತ್ರ ಮದುವೆಮನೆಯ ಕಳೆ ಬಂತು.

ಮೂತ್ರ ಪರೀಕ್ಷೆಗೆ ಬೇಕಾಗಬಹುದೆಂದು ಮಗ ಮನೆಯಿಂದಲೇ ಒಂದು ಬಾಟಲಿಯಲ್ಲಿ ಅದನ್ನು ಹಿಡಿದು ತಂದಿದ್ದ. ಆ ಮಟ್ಟಿಗೆ ಬುದ್ಧಿವಂತ. ಮುಚ್ಚಳ ತೆಗೆದು ನೋಡಿದರೆ ಮೇಲೆ ಕೆಂಪಗೆ ಎಣ್ಣೆ ತೇಲುತ್ತಿತ್ತು. ಉಪ್ಪಿನಕಾಯಿ ಬಾಟಲಿ. "ಇದನ್ನ ಪರೀಕ್ಷೆಗೆ ಕಳಿಸಿದ್ರೆ ಮರಿಗೆ ಮಾವಿನಕಾಯಿ ಆಗಿದೆ ಅಂತ ರಿಪೋರ್ಟ್ ಬರುತ್ತೆ," ಅಂತ ಪಕ್ಕಕ್ಕಿಟ್ಟೆ. ನೆಲದಿಂದ ಬಳಿದು ತಂದದ್ದು, ತೊಳೆಯದ ಡಬ್ಬಿಯಲ್ಲಿ ತಂದದ್ದು, ಯಾವುದೂ ಈ ಕೆಲಸಕ್ಕೆ ಬರುವುದಿಲ್ಲ. ಯಾವ ಕ್ರಿಮಿ ಒಳಗಿನದು, ಯಾವುದು ಹೊರಗಿನದು ಅಂತ ತಿಳಿಯಬೇಕಾದರೆ ಮೂತ್ರಕೋಶದಿಂದಲೇ ತೆಗೆಯಬೇಕು. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡಿಕೊಂಡು ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ ಎಳೆಯುವುದು. ಕೇಳಲಿಕ್ಕೆ ಭಯ, ಮಾಡಲಿಕ್ಕೆ ಸಲೀಸು. ನನ್ನ ಕೈ ನಡುಗುವುದಿಲ್ಲ.

ಮಗ ಗೋಡೆ ಕಡೆ ತಿರುಗಿ ನಿಂತ. ಅಜ್ಜಿ ಮರಿಯ ಮುಂಗಾಲುಗಳನ್ನು ಹಿಡಿದುಕೊಂಡು, ಅದರ ಕಿವಿಯ ಹತ್ತಿರ ಬಾಯಿಟ್ಟು, "ಆಯ್ತು ಕಣೇ ಕೂಸೇ, ಆಯ್ತು," ಅಂತ ಹೇಳುತ್ತಲೇ ಇದ್ದರು. ಸೂಜಿ ಒಳಗೆ ಹೋಗಿ ಹೊರಗೆ ಬಂದರೂ ಮರಿ ಕುಂಯ್ ಅನ್ನಲಿಲ್ಲ. ಸಿರಿಂಜಿನಲ್ಲಿ ಬಂದದ್ದು ಮಜ್ಜಿಗೆ ನೀರಿನ ಹಾಗೆ ಕದಡಿತ್ತು.

ವರದಿ ಬಂತು. ಕರುಳಿನಲ್ಲಿ, ಸಗಣಿ ಹೇಲಿನಲ್ಲಿ ಸದಾ ಇರುವ ಮಾಮೂಲಿ ಕ್ರಿಮಿ. ಮಾಮೂಲಿ ಮಾತ್ರೆಗೇ ಸಾಯುವಂಥದ್ದು. ಇದರ ಜೊತೆಗೆ ಮರಿಯ ಮೈಯಲ್ಲೇ ಒಂದು ತೊಡಕು ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಮೂತ್ರದ್ವಾರ ಚರ್ಮದ ಒಂದು ಮಡಿಕೆಯೊಳಗೆ ಹುದುಗಿಕೊಂಡಿತ್ತು. ಕೆಲವು ಹೆಣ್ಣುಮರಿಗಳಲ್ಲಿ ಹೀಗಿರುತ್ತದೆ. ಮಡಿಕೆಯೊಳಗೆ ತೇವ ನಿಲ್ಲುತ್ತದೆ, ಕೊಳೆ ನಿಲ್ಲುತ್ತದೆ, ಕ್ರಿಮಿ ಮೇಲಕ್ಕೆ ಹತ್ತುತ್ತದೆ. ಬಹಳಷ್ಟು ಮರಿಗಳಿಗೆ ಮೊದಲ ಬೆದೆ ಬಂದು ಹೋದ ಮೇಲೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಒರೆಸಿ ಒಣಗಿಸಿ ಕಾಪಾಡಿಕೊಂಡು ಹೋಗಬೇಕು.

ನಾನು ಅಜ್ಜಿಗೆ ಎಲ್ಲವನ್ನೂ ಹೇಳಿಕೊಟ್ಟೆ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ. ಆಗಾಗ ಹೊರಗೆ ಬಿಡಿ, ಮೂತ್ರ ಕಟ್ಟಿಕೊಂಡು ಕೂರುವ ಹಾಗೆ ಮಾಡಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ಆ ಮಡಿಕೆಯನ್ನು ಒರೆಸಿ, ಒಣಬಟ್ಟೆಯಲ್ಲಿ ಒತ್ತಿ. ಮಾತ್ರೆ ಮುಗಿಯುವವರೆಗೆ ಮಾತ್ರೆ. ಮರಿ ಕುಣಿಯುತ್ತಿದೆ ಅಂತ ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಕ್ರಿಮಿ ಗಟ್ಟಿಯಾಗಿ ಎದ್ದು ಬರುತ್ತದೆ. ಎಳನೀರು ಒಂದು ಗುಟುಕು ಕುಡಿಸಿದರೆ ಕುಡಿಸಿ, ನನ್ನ ತಕರಾರಿಲ್ಲ, ಆದರೆ ಮಾತ್ರೆಯ ಬದಲು ಅಲ್ಲ.

ಅಜ್ಜಿ ಒಂದೊಂದಕ್ಕೂ ತಲೆಯಾಡಿಸಿದರು. ಮಾತ್ರೆ ಮುಗಿದ ಮೇಲೆ ಬಂದರು, ಪರೀಕ್ಷೆ ಮಾಡಿದೆ, ಮೂತ್ರ ತಿಳಿಯಾಗಿತ್ತು. ಇಂಥ ಕೇಸುಗಳು ನನಗೆ ಹೊಸದಲ್ಲ. ಮುಗಿಯಿತು ಅಂತ ಮರೆತೆ.

ಮುಗಿದಿರಲಿಲ್ಲ. ಸ್ವಲ್ಪ ದಿನದಲ್ಲೇ ಮತ್ತೆ ಬಂದರು. ಅದೇ ಮುಲುಗಾಟ, ಅದೇ ಎರಡು ಹನಿ.

ವಾಸಿಯಾದ ಸೋಂಕು ತಿರುಗಿ ಬಂದರೆ ನನಗೆ ಆಗುವುದು ಮೊದಲು ಅವಮಾನ, ಆಮೇಲೆ ಅನುಮಾನ. ಅನುಮಾನ ನೇರ ಎಳನೀರಿನ ಮೇಲೆ ಹೋಯಿತು. ಮೊದಲ ಕೆಲವು ಮಾತ್ರೆಗೆ ಮರಿ ಚೇತರಿಸಿಕೊಂಡಿರುತ್ತದೆ, ಆ ಪುಣ್ಯವನ್ನು ಇವರು ಎಳನೀರಿನ ಲೆಕ್ಕಕ್ಕೆ ಹಾಕಿ ಮಾತ್ರೆ ನಿಲ್ಲಿಸಿರುತ್ತಾರೆ ಅಂದುಕೊಂಡೆ. ಹಾಗೆಯೇ ಕೇಳಿಯೂ ಬಿಟ್ಟೆ.

ಅಜ್ಜಿಗೆ ಸರಿಯಾಗಿ ಚುಚ್ಚಿತು. "ನಾನ್ಯಾಕವ್ವ ನಿಲ್ಲಿಸ್ಲಿ? ಬೆಲ್ಲದಲ್ಲಿ ಮಡಗಿ ನುಂಗಿಸಿದೀನಿ. ಉಗುಳ್ದಾಗ ಎತ್ತಿ ಮತ್ತೆ ನುಂಗಿಸಿದೀನಿ. ನನ್ ಮಗಂಗೂ ನಾನಿಷ್ಟ್ ಮಾಡ್ಲಿಲ್ಲ."

"ಅದು ನಿಜ ಮೇಡಂ," ಅಂದ ಮಗ, ಸ್ವಲ್ಪ ಕಹಿಯಾಗಿ.

ಅವರು ಸುಳ್ಳು ಹೇಳುವ ಪೈಕಿ ಅಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಲ್ಲು ಇದೆಯೇ ಅಂತ ಸ್ಕ್ಯಾನಿಂಗಿನಲ್ಲಿ ಮೂಲೆ ಮೂಲೆ ಹುಡುಕಿದೆ. ಇರಲಿಲ್ಲ. ಮೂತ್ರಪಿಂಡಗಳು ಚೆನ್ನಾಗಿದ್ದವು. ಹುಟ್ಟಿನಿಂದಲೇ ಮೂತ್ರನಾಳ ತಪ್ಪು ಜಾಗಕ್ಕೆ ಸೇರಿಕೊಂಡ ಮರಿಗಳು ಇರುತ್ತವೆ, ಅವು ಮಲಗಿದಲ್ಲೂ ತೊಟ್ಟಿಕ್ಕುತ್ತವೆ. ಇದು ಹಾಗೆ ತೊಟ್ಟಿಕ್ಕುತ್ತಿರಲಿಲ್ಲ. ಮತ್ತೆ ಸೂಜಿ, ಮತ್ತೆ ಪರೀಕ್ಷೆ, ಮತ್ತೆ ಅದೇ ಮಾಮೂಲಿ ಕ್ರಿಮಿ, ಅದೇ ಮಾತ್ರೆಗೆ ಸಾಯುವಂಥದ್ದು. ಹಾಗಾದರೆ ಇದು ಒಳಗೆ ಉಳಿದುಕೊಂಡು ಗಟ್ಟಿಯಾದದ್ದಲ್ಲ. ಸತ್ತು, ಹೊರಗಿನಿಂದ ಹೊಸದಾಗಿ ಬಂದದ್ದು. ಎಲ್ಲಿಂದ? ಮಡಿಕೆ ಒರೆಸುತ್ತಿದ್ದೀರಾ ಅಂದರೆ ಒರೆಸುತ್ತಿದ್ದೇವೆ ಅಂದರು. ಎಲ್ಲಿ ಮಲಗುತ್ತದೆ ಅಂದರೆ ನನ್ನ ಕಾಲ ಬುಡದಲ್ಲಿ, ಒಗೆದ ಗೋಣಿಯ ಮೇಲೆ ಅಂದರು. ಮನೆ ಹೇಗಿದೆ ಅಂದರೆ ಮಗನೇ ಉತ್ತರ ಕೊಟ್ಟ: "ನಮ್ಮವ್ವನಷ್ಟು ಕ್ಲೀನ್ ಇಡೀ ಊರಲ್ಲಿ ಯಾರೂ ಇಲ್ಲ ಮೇಡಂ." ಮತ್ತೆ ಔಷಧಿ ಕೊಟ್ಟು ಕಳಿಸಿದೆ.

ಮೂರನೆಯ ಸಲ ಬಂದಾಗ ಮರಿ ಸೆರಗಿನಿಂದ ತಲೆ ಎತ್ತಲಿಲ್ಲ. ಮೈ ಸುಡುತ್ತಿತ್ತು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಸೊಂಟದ ಮೇಲೆ ಬೆರಳಿಟ್ಟರೆ ಕಿರುಚುತ್ತಿತ್ತು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಸೋಂಕು ಮೂತ್ರಕೋಶವನ್ನು ದಾಟಿ ಮೂತ್ರಪಿಂಡಕ್ಕೆ ಹತ್ತಿತ್ತು. ಇಷ್ಟು ದಿನವೂ ಇದು ಉರಿಯ ರೋಗವಾಗಿತ್ತು. ಈಗ ಸಾವಿನ ರೋಗ. ಅದನ್ನು ನಾನು ಮುಚ್ಚಿಡಲಿಲ್ಲ.

"ಉಳಿಸ್ತೀನಿ," ಅಂದೆ. "ಈ ಸಲ ಉಳಿಸ್ತೀನಿ. ಆದರೆ ಇದು ಹೀಗೇ ತಿರುಗಿ ತಿರುಗಿ ಬಂದ್ರೆ ಕಿಡ್ನಿ ಕೈಕೊಡುತ್ತೆ. ಆಮೇಲೆ ನನ್ನ ಹತ್ರ ಬರಬೇಡಿ."

ಮಗ ನನ್ನನ್ನು ಬಾಗಿಲ ಹೊರಗೆ ಕರೆದ. ಧ್ವನಿ ತಗ್ಗಿಸಿ, "ಮೇಡಂ, ಮಾರ್ಕೋನಹಳ್ಳಿ ಕಡೆ ನಮ್ ನೆಂಟರ ಗದ್ದೆ ಐತೆ. ಡ್ಯಾಮ್ ನೀರು, ವರ್ಷಪೂರ್ತಿ ಹಸಿರು. ಅಲ್ಲಿ ಬಿಟ್ಬುಟ್ರೆ ಬದುಕ್ಕೋತದೆ. ಇಲ್ಲಿದ್ರೆ ಅವ್ವನ್ನೂ ಮಲಗಿಸ್ತದೆ ಇದು. ನಿನ್ನೆಯಿಂದ ಅವ್ರೂ ಊಟ ಮಾಡ್ತಿಲ್ಲ," ಅಂದ.

ಅವನು ಕೆಟ್ಟವನಲ್ಲ. ತಾಯಿಯ ಚಿಂತೆ ಅವನಿಗೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಹೊಲದ ಬದುವಲ್ಲಿ ಎಸೆದಿದ್ದನ್ನೇ ನಿಮ್ಮವ್ವ ಎತ್ಕೊಂಡು ಬಂದಿದ್ದು. ಇನ್ನೊಂದು ಬದುವಿಗೆ ಎಸೆಯೋಕೆ ನನ್ನ ಪರ್ಮಿಶನ್ ಕೇಳ್ತಿದೀರಾ?" ಅಂದೆ. ಅವನು ತಲೆ ತಗ್ಗಿಸಿದ. ಒಳಗೆ ಅಜ್ಜಿಗೆ ಎಲ್ಲವೂ ಕೇಳಿಸಿತ್ತು. ಆಕೆ ಮರಿಯ ಕಿವಿಯನ್ನು ಸವರುತ್ತ ಗೋಡೆ ನೋಡುತ್ತಿದ್ದರು.

ಡ್ರಿಪ್ ಹಾಕಿದೆ, ನೇರ ರಕ್ತಕ್ಕೆ ಔಷಧಿ ಕೊಟ್ಟೆ, ಮರಿಯನ್ನು ಕ್ಲಿನಿಕ್‌ನಲ್ಲೇ ಇಟ್ಟುಕೊಂಡೆ. ಅಜ್ಜಿ ಬೆಳಗ್ಗೆ ಮಗನ ಬೈಕಿನ ಹಿಂದೆ ಕೂತು ಬಂದು, ಸಂಜೆ ಅವನ ಕಚೇರಿ ಬಿಡುವವರೆಗೆ ಮರಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಜ್ವರ ಇಳಿಯಿತು. ಅನ್ನ ಮೊಸರು ನೆಕ್ಕಿತು. ಅಜ್ಜಿಯೂ ಅವತ್ತು ನನ್ನ ಡಬ್ಬಿಯಿಂದ ಚಿತ್ರಾನ್ನ ತಿಂದರು. ಮರಿಯನ್ನು ಮನೆಗೆ ಕಳಿಸಿದೆ, ಈ ಸಲ ಮಾತ್ರೆಯ ದಿನಗಳನ್ನು ಇನ್ನೂ ಉದ್ದ ಮಾಡಿ. ಆದರೆ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕಾಡುತ್ತಲೇ ಇತ್ತು.

ಅದೇ ವಾರ ಗುಬ್ಬಿಯಲ್ಲಿ ನೆಂಟರ ಗೃಹಪ್ರವೇಶವಿತ್ತು. ಮುಹೂರ್ತ ಬೆಳಗಿನದು, ನಾನು ಅದಕ್ಕಿಂತ ಬೇಗ ರೇಷ್ಮೆ ಸೀರೆ ಉಟ್ಟುಕೊಂಡು ಕಾರು ಹತ್ತಿದೆ. ಗೃಹಪ್ರವೇಶಕ್ಕಿಂತ ನನಗೆ ಆ ಅಜ್ಜಿಯ ಮನೆ ನೋಡುವ ಆತುರ ಹೆಚ್ಚಾಗಿತ್ತು. ಹಸು ಎಮ್ಮೆಗಳ ಕಾಲದಲ್ಲಿ ನಾನು ಕೊಟ್ಟಿಗೆಗೇ ಹೋಗಿ ನೋಡುತ್ತಿದ್ದೆ. ಕೊಟ್ಟಿಗೆ ನೋಡಿದರೆ ಅರ್ಧ ರೋಗ ಗೊತ್ತಾಗುತ್ತಿತ್ತು. ನಾಯಿಗಳು ಕ್ಲಿನಿಕ್‌ಗೇ ಬರುವುದರಿಂದ ಆ ಅಭ್ಯಾಸ ತಪ್ಪಿಹೋಗಿತ್ತು.

ಹಳ್ಳಿಯ ಬೀದಿಗೆ ಕಾರು ತಿರುಗಿಸಿದಾಗ ಇನ್ನೂ ಎಳೆ ಬಿಸಿಲು. ಯಾರನ್ನೂ ಕೇಳಬೇಕಾಗಲಿಲ್ಲ. ಬೀದಿಯ ಕೊನೆಯ ಮನೆಯ ಮುಂದೆ ಅಜ್ಜಿ ಬಕೆಟ್ ಹಿಡಿದು ನಿಂತಿದ್ದರು. ಬೇರೆ ಮನೆಗಳ ಮುಂದೆ ಸಿಮೆಂಟು ಬಂದಿತ್ತು, ಈ ಮನೆಯ ಮುಂದೆ ಮಾತ್ರ ಅಗಲವಾದ ಮಣ್ಣಿನ ಅಂಗಳ. ಅಜ್ಜಿ ಅದನ್ನು ಗುಡಿಸಿ, ಸಗಣಿ ಕದಡಿದ ನೀರನ್ನು ಬೊಗಸೆಯಲ್ಲಿ ಎತ್ತಿ ಬೀಸಿ ಬೀಸಿ ಹಾಕುತ್ತಿದ್ದರು. ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಒಂದು ಕಡೆ ಹೆಚ್ಚಿಲ್ಲದೆ ಒಂದು ಕಡೆ ಕಡಿಮೆಯಿಲ್ಲದೆ. ನಮ್ಮಮ್ಮ ಗೂಳೂರಿನ ಮನೆಯ ಮುಂದೆ ಹೀಗೆಯೇ ಹಾಕುತ್ತಿದ್ದಳು. ಆ ಹಸಿರು ವಾಸನೆ ಮೂಗಿಗೆ ಬಡಿದು ಒಂದು ಕ್ಷಣ ನಾನು ಡಾಕ್ಟರು ಅನ್ನುವುದೇ ಮರೆತುಹೋಯಿತು.

ಮರಿ ಅಜ್ಜಿಯ ಕಾಲಿಗೆ ಅಂಟಿಕೊಂಡೇ ಇತ್ತು. ಅವರು ಹಿಂದೆ ಸರಿದಂತೆ ಅದೂ ಸರಿಯುತ್ತಿತ್ತು, ಬೀಸಿದ ನೀರನ್ನು ಹಿಡಿಯಲು ಹಾರುತ್ತಿತ್ತು. ಆಮೇಲೆ ಆಗಷ್ಟೇ ಸಗಣಿ ನೀರು ಬಿದ್ದ ಒದ್ದೆ ನೆಲದಲ್ಲಿ ಕೂತಿತು. ಬೆಳಗಿನ ಮೊದಲ ಮೂತ್ರ. ಮರಿಗಳು ಕೂರುವುದು ತುಂಬ ತಗ್ಗಾಗಿ. ಅದರ ಹಿಂಭಾಗ ಪೂರ್ತಿ ನೆಲಕ್ಕೆ ಊರಿತ್ತು. ಮುಗಿಸಿ ಏಳದೆ ಅಲ್ಲೇ ತಂಪಿಗೆ ಕುಂಡಿಯೂರಿ, ಬಾಲದಿಂದ ಆ ಸಗಣಿ ನೀರನ್ನು ಅತ್ತಿತ್ತ ಬಳಿಯುತ್ತ, ಅಜ್ಜಿ ಉಳಿದ ಕಡೆ ನೀರು ಹಾಕುವುದನ್ನು ನೋಡುತ್ತ ಕೂತೇ ಇತ್ತು.

ನನಗೆ ಬೇಕಾಗಿದ್ದ ಉತ್ತರ ಅಂಗಳದ ನಡುವೆ ಕೂತಿತ್ತು. ಆ ಚರ್ಮದ ಮಡಿಕೆ, ದಿನಾ ಬೆಳಗ್ಗೆ ಹಸಿ ಸಗಣಿ ನೀರು, ಆ ಮಾಮೂಲಿ ಕ್ರಿಮಿ. ಇದೇ ಕಾರಣ ಅಂತ ಕೋರ್ಟಿನಲ್ಲಿ ನಿಂತು ಸಾಬೀತು ಮಾಡಲಾರೆ. ಆದರೆ ಇಷ್ಟು ವರ್ಷ ಕೈ ಕೊಳೆ ಮಾಡಿಕೊಂಡವಳಿಗೆ ಕೆಲವು ಸಂಗತಿಗಳು ನೋಡಿದ ಕೂಡಲೇ ಗೊತ್ತಾಗುತ್ತವೆ.

ಅಜ್ಜಿ ನನ್ನನ್ನು ನೋಡಿ ಬಕೆಟ್ ಕೆಳಗಿಟ್ಟರು. "ಅಯ್ಯೋ, ಡಾಕ್ಟ್ರವ್ವ! ಬಾ ತಾಯಿ, ಬಾ. ಸೀರೆ ಎತ್ಕೊಂಡ್ ಬಾ, ಒದ್ದೆ ಐತೆ." ಮಗ ಟವೆಲ್ ಹೊದ್ದುಕೊಂಡು ಒಳಗಿನಿಂದ ಓಡಿ ಬಂದ.

ಜಗಲಿಯ ಮೇಲೆ ಕೂತೆ. ಯಾರಿಗೂ ಅಂಜದ ನನ್ನ ನಾಲಗೆ ಅವತ್ತು ಮೊದಲ ಬಾರಿಗೆ ಹಿಂಜರಿಯಿತು. ಮನೆಯಲ್ಲಿ ಹಸು ಮಾರಿ ಎಷ್ಟೋ ಕಾಲವಾಗಿದ್ದರೂ, ಅಜ್ಜಿ ದಿನಾ ಪಕ್ಕದ ಬೀದಿಗೆ ಹೋಗಿ ಸಗಣಿ ತರುತ್ತಿದ್ದರಂತೆ. ಅಷ್ಟು ಆಸೆಯಿಂದ ಮಾಡುವ ಕೆಲಸ. ಆದರೂ ಹೇಳಲೇಬೇಕಿತ್ತು.

"ಅಜ್ಜಿ, ಕೂಸಿಗೆ ರೋಗ ಬರ್ತಿರೋದು ಈ ಅಂಗಳದಿಂದ," ಅಂದೆ.

"ಅಂಗಳದಿಂದ್ಲಾ?"

"ಸಗಣಿ ನೀರಿಂದ. ಅದ್ರಲ್ಲಿರೋ ಕ್ರಿಮಿ ಇದರ ಮಡಿಕೆಯೊಳಗೆ ಸೇರ್ಕೊಂಡು ಮೇಲಕ್ಕೆ ಹತ್ತುತ್ತೆ."

ಅಜ್ಜಿಯ ಮುಖ ಬಿಗಿಯಿತು. "ಸಗಣಿ ಅಂದ್ರೆ ಏನನ್ಕೊಂಡೆ ನೀನು? ಮೈಲಿಗೆ ಕಳೀಲಿ ಅಂತ ಹಾಕೋದು ಅದು. ನಿಮ್ಮವ್ವ ಹಾಕ್ತಿರ್ಲಿಲ್ವಾ?"

"ಹಾಕ್ತಿದ್ಲು. ನಾನೂ ಹಾಕಿದೀನಿ. ಆದರೆ ನಮ್ಮ ನಾಯಿ ಕೊಟ್ಟಿಗೆ ಹಿಂದೆ ಇರ್ತಿತ್ತು, ನಮ್ಮಮ್ಮನ ಸೆರಗು ಹಿಡ್ಕೊಂಡು ಅಂಗಳದಲ್ಲಿ ಕೂರ್ತಿರಲಿಲ್ಲ. ಬಾಗಿಲಿಗೆ ಅದು ಒಳ್ಳೇದೇ ಇರಬಹುದು ಅಜ್ಜಿ. ಈ ಮರಿಯ ಹೊಟ್ಟೆಗೆ ಒಳ್ಳೇದಲ್ಲ."

ಅಜ್ಜಿ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಬೆರಳ ಸಂದಿಯಲ್ಲಿ ಇನ್ನೂ ಸಗಣಿ ಇತ್ತು. "ಅಂಗಾರೆ ನನ್ ಕೈಯಾರೆ ನಾನೇ..." ಅಂದರು. ನಾನು ಹತ್ತಿರ ಸರಿದು ಆ ಕೈಯನ್ನು ಹಿಡಿದುಕೊಂಡೆ, ರೇಷ್ಮೆ ಸೀರೆಗೆ ತಾಗಿತು, ತಾಗಲಿ ಬಿಡು ಅಂದುಕೊಂಡೆ.

"ಹಿತ್ಲಿಂದ ಬಿಟ್ರೆ?" ಅಂತ ಕೇಳಿದ ಮಗ.

"ನಿಮ್ಮವ್ವ ಎಲ್ಲಿ ಇರ್ತಾರೋ ಇದು ಅಲ್ಲೇ ಇರುತ್ತೆ. ಕಟ್ಟಿಹಾಕಿದ್ರೆ ಮೂತ್ರ ಕಟ್ಕೊಂಡು ಕೂರುತ್ತೆ. ಅದೂ ಬೇಡ."

"ಬರೀ ನೀರ್ ಹಾಕ್ಲಾ?" ಅಂದರು ಅಜ್ಜಿ.

"ಈ ಮಣ್ಣಲ್ಲಿ ಎಷ್ಟೋ ವರ್ಷದ ಸಗಣಿ ಇದೆ. ನೀರು ಬಿದ್ರೆ ಮತ್ತೆ ಕೆಸರು, ಮತ್ತೆ ಅದೇ ಕಥೆ. ನೆಲ ಒಣಗಿರಬೇಕು. ಮೊದಲ ಬೆದೆ ಬಂದು ಆ ಮಡಿಕೆ ಬಿಚ್ಕೊಳ್ಳೋವರೆಗೆ ಏನೂ ಹಾಕಬೇಡಿ. ಸಗಣೀನೂ ಬೇಡ, ನೀರೂ ಬೇಡ."

ಇದನ್ನು ಹೇಳುವಾಗ ನಾನು ಏನು ಕೇಳುತ್ತಿದ್ದೇನೆ ಅಂತ ನನಗೆ ಪೂರ್ತಿ ಗೊತ್ತಿತ್ತು. ನಮ್ಮ ಕಡೆ ಬೆಳಗ್ಗೆ ಬಾಗಿಲಿಗೆ ನೀರು ಬೀಳದೆ, ರಂಗೋಲಿ ಕಾಣದೆ ಇರುವ ಮನೆ ಅಂದರೆ ಒಂದೇ ಅರ್ಥ. ಆ ಮನೆಯಲ್ಲಿ ಸಾವಾಗಿದೆ. ಸೂತಕ ಕಳೆಯುವವರೆಗೆ ಅಂಗಳ ಒಣಗಿರುತ್ತದೆ. ದಾರಿಯಲ್ಲಿ ಹೋಗುವವರು ನೆಲ ನೋಡಿಯೇ ಧ್ವನಿ ತಗ್ಗಿಸುತ್ತಾರೆ. ಗಂಡ ತೀರಿಕೊಂಡಾಗಲಷ್ಟೇ ಆ ಅಂಗಳ ಒಣಗಿತ್ತು ಅಂತ ಅಜ್ಜಿಯೇ ಆಮೇಲೆ ಹೇಳಿದರು. ಬದುಕಿ ಬಾಳುವ ಮನೆಯ ಮುಂದೆ ಬೇಕೆಂದೇ ಹಾಗೆ ಬಿಡಿ ಅಂತ ನಾನು ಕೂತು ಹೇಳುತ್ತಿದ್ದೆ.

ಮಗನೇ ಬಾಯಿಬಿಟ್ಟ. "ಊರ್ನೋರು ಏನಂದಾರು ಮೇಡಂ? ಅಪಶಕುನ ಅಂತಾರೆ. ಅವ್ವ, ನಾನ್ ಅವತ್ತೇ ಹೇಳಿದ್ನಲ್ಲ, ಮಾರ್ಕೋನಹಳ್ಳಿಗೆ..."

ಅಜ್ಜಿ ಅವನ ಕಡೆ ನೋಡಲಿಲ್ಲ. ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು, ನನಗೆ ಕಾಫಿ ತಂದುಕೊಟ್ಟರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಕಾಫಿ ಕುಡಿದು, ಮರಿಯ ಹಿಂಭಾಗ ಒರೆಸಿ ಒಣಗಿಸಿ, ಗೃಹಪ್ರವೇಶಕ್ಕೆ ಹೋದೆ. ಅಲ್ಲಿ ಹೊಸ ಹೊಸ್ತಿಲ ಮುಂದೆ ದೊಡ್ಡ ರಂಗೋಲಿ ಹಾಕಿದ್ದರು. ಅದನ್ನು ದಾಟುವಾಗ, ಪಾಪದ ಮುದುಕಿಯ ಹತ್ತಿರ ಇಷ್ಟು ದೊಡ್ಡದನ್ನು ಕೇಳಿಬಿಟ್ಟೆನಲ್ಲ ಅಂತ ಸಂಕಟವಾಯಿತು. ಕೇಳಿದ್ದು ತಪ್ಪು ಅಂತ ಮಾತ್ರ ಅನ್ನಿಸಲಿಲ್ಲ. ಸರಿಯಾದ ಔಷಧಿ ಎಷ್ಟೋ ಸಲ ಕಹಿಯಾಗಿಯೇ ಇರುತ್ತದೆ, ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಮಾತ್ರೆ ಮುಗಿದು ಸ್ವಲ್ಪ ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕಿತ್ತು. ಬನ್ನಿ ಅಂತ ಫೋನ್ ಮಾಡುವ ಬದಲು ನಾನೇ ಹೋದೆ. ಕ್ಲಿನಿಕ್‌ನಲ್ಲಿ ಕೇಳಿದರೆ ಎಲ್ಲರೂ ನೀವು ಹೇಳಿದ ಹಾಗೇ ಮಾಡುತ್ತಿದ್ದೇವೆ ಅನ್ನುತ್ತಾರೆ. ನೆಲ ಸುಳ್ಳು ಹೇಳುವುದಿಲ್ಲ.

ಬೀದಿಯ ಕೊನೆಗೆ ಕಾರು ನಿಲ್ಲಿಸಿ ನೋಡಿದೆ. ಅಂಗಳ ಒಣಗಿತ್ತು. ಗುಡಿಸಿದ ಗೆರೆಗಳು ಮಾತ್ರ ಇದ್ದವು. ಒಂದು ಚುಕ್ಕಿ ರಂಗೋಲಿ ಇಲ್ಲ. ಅಕ್ಕಪಕ್ಕದ ಮನೆಗಳ ಮುಂದೆಲ್ಲ ಬಿಳಿ ಎಳೆಗಳು ಹೊಳೆಯುತ್ತಿದ್ದವು, ಇದೊಂದು ಮನೆ ಮಾತ್ರ ಬೋಳು ಬೋಳಾಗಿ ಕೂತಿತ್ತು.

ಮರಿ ಓಡಿ ಬಂದು ನನ್ನ ಚೀಲಕ್ಕೆ ಬಾಯಿ ಹಾಕಿತು. ಕಣ್ಣು ಹೊಳೆಯುತ್ತಿತ್ತು, ಮೈ ತುಂಬಿಕೊಂಡಿತ್ತು. ಜಗಲಿಯಲ್ಲಿ ಕೂತು ಅದರ ಹೊಟ್ಟೆ ಮುಟ್ಟಿ ನೋಡಿದೆ, ಸೊಂಟ ಒತ್ತಿ ನೋಡಿದೆ, ಅದು ಆಟ ಅಂದುಕೊಂಡು ನನ್ನ ಬೆರಳು ಕಚ್ಚಿತು. ಕಚೇರಿಗೆ ಹೊರಟಿದ್ದ ಮಗ ನೀರಿನ ಬಟ್ಟಲು ತುಂಬಿಸಿ ತಂದು ಮರಿಯ ಮುಂದೆ ಇಟ್ಟ. ಇಟ್ಟು, ನಾನು ನೋಡಿದೆನೋ ಇಲ್ಲವೋ ಅಂತ ಓರೆಗಣ್ಣಲ್ಲಿ ನೋಡಿದ. ನಾನು ನೋಡಿದೆ.

ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತರು. ತವರಿಗೋ ಮಗಳ ಮನೆಗೋ ಹೋಗಿ ಆಗಷ್ಟೇ ಊರಿಗೆ ಮರಳಿದ್ದವರು, ಕೈಯಲ್ಲಿ ಬ್ಯಾಗ್ ಇತ್ತು. ಒಣ ಅಂಗಳ ನೋಡಿದರು, ಮನೆ ಮುಂದೆ, ಗಾಜಿನ ಮೇಲೆ ಡಾಕ್ಟರ್ ಅಂತ ಬರೆದಿದ್ದ ನನ್ನ ಕಾರು ನೋಡಿದರು. ಬ್ಯಾಗ್ ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಂಗಳದೊಳಗೆ ಕಾಲಿಡದೆ ಅಂಚಿನಲ್ಲೇ ನಿಂತು, ಸತ್ತ ಮನೆಯಲ್ಲಿ ಕೇಳುವ ಆ ತಗ್ಗಿದ ಧ್ವನಿಯಲ್ಲಿ ಕೇಳಿದರು.

"ಯಾರಕ್ಕ ಹೋದೋರು?"

ಅಜ್ಜಿ ಬಗ್ಗಿ ಮರಿಯನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡರು.

"ಯಾರೂ ಇಲ್ಲ ಕಣವ್ವ," ಅಂದರು. "ಯಾರೂ ಹೋಗ್ದೆ ಇರ್ಲಿ ಅಂತ್ಲೇ ನೀರಾಕೋದ್ ಬುಟ್ಟಿದೀನಿ."

ಆ ಹೆಂಗಸಿಗೆ ತಲೆಬುಡ ಅರ್ಥವಾಗಲಿಲ್ಲ. ಮಗ ತಾಯಿಯ ಕಡೆ ನೋಡಿದ, ಆಮೇಲೆ ಬೈಕಿನ ಕೀಲಿಯನ್ನು ಸುಮ್ಮನೆ ತಿರುಗಿಸುತ್ತ ನಿಂತ. ಮರಿ ಸೊಂಟದಿಂದ ಕೊಸರಿಕೊಂಡು ಇಳಿಯಿತು. ಅಂಗಳದ ನಟ್ಟನಡುವೆ, ರಂಗೋಲಿ ಇರಬೇಕಾಗಿದ್ದ ಜಾಗಕ್ಕೆ ಹೋಗಿ ಕೂತಿತು. ನಾವು ನಾಲ್ಕೂ ಜನ ಅದನ್ನೇ ನೋಡಿದೆವು. ಅದು ಮುಲುಗದೆ, ನಿಲ್ಲಿಸದೆ, ಒಂದೇ ಸಲಕ್ಕೆ ಸರಾಗವಾಗಿ ಉಚ್ಚೆ ಮಾಡಿ ಎದ್ದು, ಒಣ ಮಣ್ಣನ್ನು ಹಿಂಗಾಲಲ್ಲಿ ಕೆರೆದು ಅಜ್ಜಿಯ ಹತ್ತಿರ ಓಡಿತು.